ಮನೆಯಿಂದ ನಡೆಸುವ ಸಣ್ಣ ವ್ಯವಹಾರಕ್ಕೆ ಯಾವ ಲೆಕ್ಕದ ಸಾಫ್ಟ್‌ವೇರ್?

ಪ್ರಶ್ನೆ: ಮನೆಯಲ್ಲೇ ಸೋಪು, ಮೇಣದಬತ್ತಿ ತಯಾರಿಸಿ ಮಾರುತ್ತೇನೆ. ಅರ್ಧ ಮಾರಾಟ ಆನ್‌ಲೈನ್ ತಾಣದ ಮೂಲಕ, ಉಳಿದದ್ದು ನೇರವಾಗಿ. ಕೆಲವು ಅಂಗಡಿಯವರು ಉದ್ರಿ ತೆಗೆದುಕೊಂಡು ಆಮೇಲೆ ದುಡ್ಡು ಕೊಡುತ್ತಾರೆ. ಇಲ್ಲಿಯವರೆಗೆ ನೋಟ್‌ಬುಕ್ ಮತ್ತು ಎಕ್ಸೆಲ್‌ನಲ್ಲಿ ಬರೆದಿಡುತ್ತಿದ್ದೇನೆ. ಮಾರಾಟ ಚೆನ್ನಾಗಿದೆ, ಆದರೆ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡೇ ಕಾಣುವುದಿಲ್ಲ. ನಾನು ಅಕೌಂಟಿಂಗ್ ಓದಿದವಳಲ್ಲ. ಉಚಿತ ಸಾಫ್ಟ್‌ವೇರ್ ಸಾಕಾ, ಇಲ್ಲ ತಿಂಗಳಿಗಿಷ್ಟು ಅಂತ ಹಣ ಕಟ್ಟುವಂಥದ್ದೇ ಬೇಕಾ? ಯಾವುದು ತೆಗೆದುಕೊಳ್ಳಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು "ಮಾರಾಟ ಚೆನ್ನಾಗಿದೆ, ದುಡ್ಡು ಕಾಣುವುದಿಲ್ಲ" ಅನ್ನುವ ಮಾತು. ಸಾಫ್ಟ್‌ವೇರ್ ಆರಿಸುವಾಗ ಇದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ದುಡ್ಡು ಎಲ್ಲಿ ಹೋಯಿತು ಅಂತ ತೋರಿಸುವ ಸಾಫ್ಟ್‌ವೇರ್ ನಿಮಗೆ ಬೇಕು. ಅದನ್ನು ತೋರಿಸದ ಸಾಫ್ಟ್‌ವೇರ್ ಎಷ್ಟೇ ಚೆಂದದ ಗ್ರಾಫ್ ಹಾಕಿದರೂ ನಿಮಗೆ ಉಪಯೋಗವಿಲ್ಲ.

ಒಂದು ಲೆಕ್ಕ ಹಾಕೋಣ. ಒಂದು ತಿಂಗಳಲ್ಲಿ ನಿಮಗೆ ನಿಜವಾಗಿ 15,000 ಲಾಭ ಬಂದಿದೆ ಅಂದುಕೊಳ್ಳಿ. ತಿಂಗಳ ಶುರುವಿನಲ್ಲಿ ಎಣ್ಣೆ, ಮೇಣ, ಸುಗಂಧ, ಡಬ್ಬಿ ಎಲ್ಲ ಸೇರಿ 8,000ದ ಸ್ಟಾಕ್ ಇತ್ತು, ಕೊನೆಗೆ 11,000ದ ಸ್ಟಾಕ್ ಇದೆ. ಅಂದರೆ 3,000 ಕಪಾಟಿನಲ್ಲಿ ಕುಳಿತಿದೆ. ಅಂಗಡಿಯವರಿಂದ ಬರಬೇಕಾದ ಬಾಕಿ 6,000 ಹೆಚ್ಚಾಗಿದೆ. ಮನೆ ಖರ್ಚಿಗೆ ಅಂತ ನೀವೇ 5,000 ತೆಗೆದುಕೊಂಡಿದ್ದೀರಿ. ಮೂರೂ ಸೇರಿದರೆ 14,000. ಬ್ಯಾಂಕಿನಲ್ಲಿ ಹೆಚ್ಚಾದದ್ದು ಬರೀ 1,000. ಲಾಭವೂ ನಿಜ, ದುಡ್ಡು ಇಲ್ಲದಿರುವುದೂ ನಿಜ. ಎರಡಕ್ಕೂ ಜಗಳವಿಲ್ಲ.

ಈ ಮೂರು ಜಾಗ, ಅಂದರೆ ಸ್ಟಾಕ್, ಉದ್ರಿ, ಸ್ವಂತಕ್ಕೆ ತೆಗೆದದ್ದು, ಬರೀ ಜಮಾ-ಖರ್ಚಿನ ಪಟ್ಟಿಯಲ್ಲಿ ಕಾಣುವುದಿಲ್ಲ. ಅವು ಕಾಣುವುದು ಬ್ಯಾಲೆನ್ಸ್ ಶೀಟ್‌ನಲ್ಲಿ. ಏನೇನಿದೆ, ಯಾರಿಗೆ ಎಷ್ಟು ಕೊಡಬೇಕು, ಕೊನೆಗೆ ನಿಮ್ಮದು ಅಂತ ಉಳಿಯುವುದೆಷ್ಟು ಎಂದು ಹೇಳುವ ಪಟ್ಟಿ ಅದು. ಆದ್ದರಿಂದ ಆಯ್ಕೆಯ ಮೊದಲ ಜರಡಿ ಇದು: ಬ್ಯಾಲೆನ್ಸ್ ಶೀಟ್ ಕೊಡದ ಆಪ್ ಬೇಡ. ಫೋನ್‌ನಲ್ಲಿ ಸಿಗುವ ಎಷ್ಟೋ "ಖರ್ಚು ಬರೆಯುವ" ಆಪ್‌ಗಳು ಇಲ್ಲೇ ಹೊರಗೆ ಹೋಗುತ್ತವೆ. ಸಂಬಳ ಪಡೆಯುವವರ ಮನೆ ಲೆಕ್ಕಕ್ಕೆ ಅವು ಚೆನ್ನಾಗಿವೆ. ಉದ್ರಿ ಮತ್ತು ಸ್ಟಾಕ್ ಇರುವ ವ್ಯವಹಾರಕ್ಕೆ ಅವು ಸಾಕಾಗುವುದಿಲ್ಲ.

ಬ್ಯಾಲೆನ್ಸ್ ಶೀಟ್ ಬೇಕೆಂದರೆ ಒಳಗೆ ಜೋಡಿ ನಮೂದು ಪದ್ಧತಿ ಇರಬೇಕು. ಡಬಲ್ ಎಂಟ್ರಿ ಅಂತ ಕೇಳಿರುತ್ತೀರಿ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವುದು: ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು. ಇದು ಹೊಸದೇನಲ್ಲ. ಲೂಕಾ ಪಾಚೋಲಿ ಎಂಬ ಇಟಲಿಯ ಗಣಿತಜ್ಞ 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದ. ಅಲ್ಲಿನ ವರ್ತಕರು ಅದಕ್ಕೂ ಮೊದಲೇ ಇದನ್ನು ಬಳಸುತ್ತಿದ್ದರು. ನೀವು ಓದಿಲ್ಲ ಅಂತ ಹೆದರಬೇಕಾಗಿಲ್ಲ. ಈಗಿನ ಸಾಫ್ಟ್‌ವೇರ್‌ಗಳಲ್ಲಿ ನೀವು "ಇಂಥವರಿಗೆ ಇನ್‌ವಾಯ್ಸ್ ಮಾಡಿದೆ", "ಇಷ್ಟು ದುಡ್ಡು ಬಂತು" ಅಂತ ಬರೆದರೆ ಸಾಕು, ಎರಡನೇ ಕಡೆಯನ್ನು ಅದೇ ಬರೆದುಕೊಳ್ಳುತ್ತದೆ. ಆದರೆ ಒಂದು ವಿಷಯ ನೆನಪಿರಲಿ. ಎರಡು ಬದಿ ಸಮ ಬಂದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ. ಕೊರಿಯರ್ ಖರ್ಚನ್ನು ಪ್ಯಾಕಿಂಗ್ ಖಾತೆಗೆ ಹಾಕಿದರೂ ಸಮ ಬರುತ್ತದೆ. ಒಂದು ಬಿಲ್ ಬರೆಯಲು ಮರೆತೇ ಹೋದರೂ ಸಮ ಬರುತ್ತದೆ.

ಹಾಗಾದರೆ ಎಕ್ಸೆಲ್ ಬಿಡಲೇಬೇಕಾ? ಒಂದೇ ಬ್ಯಾಂಕ್ ಖಾತೆ, ತಿಂಗಳಿಗೆ ಕೆಲವೇ ವ್ಯವಹಾರ, ಉದ್ರಿ ಇಲ್ಲ, ಸ್ಟಾಕ್ ಇಲ್ಲ ಅನ್ನುವವರಿಗೆ ನಾನು ಎಕ್ಸೆಲ್ಲೇ ಸಾಕು ಅನ್ನುತ್ತೇನೆ. ಪಾಠ ಹೇಳಿಕೊಡುವವರು, ಅನುವಾದ ಮಾಡುವವರು ಸುಮ್ನೆ ಸಾಫ್ಟ್‌ವೇರ್‌ಗೆ ದುಡ್ಡು ಹಾಕುವುದು ಬೇಡ. ನಿಮ್ಮ ವಿಷಯ ಬೇರೆ. ಉದ್ರಿ ಒಂದು ಹಾಳೆ, ಮಾರಾಟ ಇನ್ನೊಂದು ಹಾಳೆ, ಖರೀದಿ ಮತ್ತೊಂದು ಅಂತ ಶುರುವಾದ ಮೇಲೆ ಎಕ್ಸೆಲ್ ಸದ್ದಿಲ್ಲದೆ ತಪ್ಪುತ್ತದೆ. ಕೊನೆಯಲ್ಲಿ ಸೇರಿಸಿದ ಸಾಲು ಮೊತ್ತದ ಸೂತ್ರದೊಳಗೆ ಸೇರದೆ ಉಳಿಯಬಹುದು. ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಿದರೆ ಯಾರದೋ ಬಾಕಿ ಇನ್ಯಾರದೋ ಹೆಸರಿನ ಮುಂದೆ ಕೂರುತ್ತದೆ. ಹಳೆಯ ತಿಂಗಳ ಅಂಕಿಯೊಂದು ಕೈತಪ್ಪಿ ಬದಲಾದರೆ ಅದರ ಸುಳಿವೂ ಸಿಗುವುದಿಲ್ಲ.

ಈಗ, ಸಾಫ್ಟ್‌ವೇರ್ ಹೆಸರಿಗೆ ಬರುವ ಮೊದಲು ಮಾಡಲೇಬೇಕಾದ ಒಂದು ಕೆಲಸ. ವ್ಯವಹಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಿರಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಮನೆಯ ತರಕಾರಿಯೂ ಸೋಪಿನ ಎಣ್ಣೆಯೂ ಒಂದೇ ಖಾತೆಯಿಂದ ಹೋಗುತ್ತಿದ್ದರೆ ಪ್ರತಿ ಸಾಲನ್ನೂ "ಇದು ಮನೆಯದಾ, ವ್ಯವಹಾರದ್ದಾ" ಅಂತ ಬಿಡಿಸುತ್ತಾ ಕೂರಬೇಕು. ಎರಡನೇ ತಿಂಗಳಿಗೇ ಬೇಸರವಾಗಿ ಬಿಟ್ಟುಬಿಡುತ್ತೀರಿ. ಆಮೇಲೆ ಸಾಫ್ಟ್‌ವೇರ್ ಸರಿಯಿಲ್ಲ ಅನ್ನಿಸುತ್ತದೆ. ಮನೆಗೆ ಹಣ ಬೇಕಾದಾಗ ವ್ಯವಹಾರದ ಖಾತೆಯಿಂದ ಒಂದು ಮೊತ್ತವನ್ನು ನಿಮ್ಮ ಸ್ವಂತ ಖಾತೆಗೆ ಹಾಕಿಕೊಳ್ಳಿ. ಅದನ್ನು ಖರ್ಚು ಅಂತ ಬರೆಯಬೇಡಿ. ಹೆಚ್ಚಿನ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಡ್ರಾಯಿಂಗ್ಸ್ ಅನ್ನುವ ಜಾಗವಿರುತ್ತದೆ, ಇಲ್ಲದಿದ್ದರೆ ಮಾಡಿಕೊಳ್ಳಬಹುದು. ಅದೇ ರೀತಿ ನಿಮ್ಮ ಉಳಿತಾಯದಿಂದ ವ್ಯವಹಾರಕ್ಕೆ ಹಾಕಿದ ದುಡ್ಡು ಮಾರಾಟವಲ್ಲ, ಬಂಡವಾಳ. ಒಬ್ಬರೇ ಮಾಲೀಕರಾಗಿರುವ ವ್ಯವಹಾರಕ್ಕೆ ಹೇಳುತ್ತಿರುವ ಮಾತಿದು. ಕಂಪನಿಯಾಗಿ ನೋಂದಾಯಿಸಿಕೊಂಡಿದ್ದರೆ ಮಾಲೀಕರು ಹಣ ತೆಗೆಯುವ ನಿಯಮವೇ ಬೇರೆ.

ಆನ್‌ಲೈನ್ ಮಾರಾಟದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮನೆಯಿಂದ ಮಾರುವವರು ಅತಿ ಹೆಚ್ಚು ತಪ್ಪುವುದು ಇಲ್ಲೇ. ತಾಣದವರು ತಮ್ಮ ಕಮಿಷನ್, ಕೊರಿಯರ್, ವಾಪಸ್ ಬಂದ ಮಾಲಿನ ಹಣ ಎಲ್ಲ ಕಳೆದು ಉಳಿದದ್ದನ್ನು ನಿಮ್ಮ ಖಾತೆಗೆ ಹಾಕುತ್ತಾರೆ. ಬ್ಯಾಂಕಿಗೆ 7,500 ಬಂತು, ನೀವು "ಮಾರಾಟ 7,500" ಅಂತ ಬರೆದಿರಿ. ತಾಣದ ಪಟ್ಟಿ ತೆಗೆದು ನೋಡಿದರೆ ಮಾರಾಟ 10,000 ಇರುತ್ತದೆ. ಅದರಲ್ಲಿ ವಾಪಸ್ ಆದದ್ದು 500, ಕಮಿಷನ್ 1,200, ಕೊರಿಯರ್ 800. ಕೈಗೆ ಬಂದದ್ದು ಅದೇ 7,500, ಹಾಗಾಗಿ ಲಾಭದ ಅಂಕಿ ಬದಲಾಗುವುದಿಲ್ಲ. ಆದರೆ ಕಮಿಷನ್ ಎಷ್ಟು ತಿನ್ನುತ್ತಿದೆ ಅಂತ ನಿಮಗೆ ಎಂದೂ ಗೊತ್ತಾಗುವುದಿಲ್ಲ. ನೇರವಾಗಿ ಮಾರುವುದು ಲಾಭವೋ, ತಾಣದಲ್ಲಿ ಮಾರುವುದು ಲಾಭವೋ ಅನ್ನುವ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ತೆರಿಗೆ ಇಲಾಖೆಗಳು ಸಾಮಾನ್ಯವಾಗಿ ನೋಡುವುದು ಒಟ್ಟು ಮಾರಾಟವನ್ನು. ನೋಂದಣಿಗೆ ಮಿತಿ ಇರುವ ಕಡೆ ನೀವು ಮಿತಿ ದಾಟಿದ್ದು ನಿಮಗೇ ತಿಳಿಯದೆ ಹೋಗಬಹುದು.

ಇದಕ್ಕೆ ಸುಲಭ ದಾರಿ ಇದೆ. ಸಾಫ್ಟ್‌ವೇರ್‌ನಲ್ಲಿ ಆ ತಾಣದ ಹೆಸರಿನಲ್ಲೇ ಒಂದು ಖಾತೆ ಮಾಡಿ, ಅದೂ ಒಂದು ಬ್ಯಾಂಕ್ ಅನ್ನುವ ಹಾಗೆ. 10,000 ಮಾರಾಟ ಆ ಖಾತೆಗೆ ಜಮಾ. ವಾಪಸ್, ಕಮಿಷನ್, ಕೊರಿಯರ್ ಅಲ್ಲಿಂದ ಖರ್ಚು. 7,500 ಅಲ್ಲಿಂದ ನಿಜವಾದ ಬ್ಯಾಂಕಿಗೆ ವರ್ಗಾವಣೆ. ಕೊನೆಗೆ ಆ ಖಾತೆಯಲ್ಲಿ ಸೊನ್ನೆ ಉಳಿಯಬೇಕು, ಅಥವಾ ತಾಣದವರು ಇನ್ನೂ ಕೊಡಬೇಕಾದ ಮೊತ್ತ ಮಾತ್ರ ಇರಬೇಕು. ಬೇರೇನಾದರೂ ಉಳಿದರೆ ಏನೋ ಬಿಟ್ಟುಹೋಗಿದೆ ಎಂದರ್ಥ. ಪ್ರತಿ ಆರ್ಡರ್ ಬರೆಯಬೇಕಾಗಿಲ್ಲ. ತಾಣದವರು ಕೊಡುವ ಪಟ್ಟಿ ನೋಡಿ ಪ್ರತಿ ಪಾವತಿಗೆ ಒಂದು ನಮೂದು ಸಾಕು. ತಾಣದಿಂದ ಆರ್ಡರ್‌ಗಳನ್ನು ತಾನೇ ಎಳೆದುಕೊಳ್ಳುವ ಸೌಲಭ್ಯವನ್ನು ಕೆಲವು ಸಾಫ್ಟ್‌ವೇರ್‌ನವರು ದೊಡ್ಡದಾಗಿ ಹೇಳುತ್ತಾರೆ. ನಿಮ್ಮಷ್ಟು ಚಿಕ್ಕ ವ್ಯವಹಾರಕ್ಕೆ ಅದರ ಅವಸರ ಇಲ್ಲ. ನೂರಾರು ಆರ್ಡರ್ ಲೆಕ್ಕದೊಳಗೆ ಬಂದು ಬಿದ್ದರೆ ತಪ್ಪು ಹುಡುಕುವುದೇ ಕಷ್ಟ.

ಸ್ಟಾಕ್ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಎಷ್ಟೋ ಮಾರಾಟಗಾರರಿಗೆ ಇಷ್ಟವಾಗಲಿಕ್ಕಿಲ್ಲ. ಒಂದು ಸೋಪು ಮಾರಿದಾಗಲೆಲ್ಲ ಎಣ್ಣೆ ಇಷ್ಟು ಗ್ರಾಂ, ಸುಗಂಧ ಇಷ್ಟು ಹನಿ ಅಂತ ಕಳೆಯುತ್ತಾ ಹೋಗುವ ಸಾಫ್ಟ್‌ವೇರ್ ಈಗಲೇ ಬೇಡ. ಅದಕ್ಕೆ ಬಹಳ ಶಿಸ್ತು ಬೇಕು. ಒಂದು ಬ್ಯಾಚ್ ಕೆಟ್ಟುಹೋದದ್ದನ್ನು ಬರೆಯದಿದ್ದರೂ ಅಂಕಿ ಸುಳ್ಳಾಗುತ್ತದೆ. ಬದಲಿಗೆ ತಿಂಗಳ ಕೊನೆಯ ದಿನ ಕಪಾಟು ಎಣಿಸಿ. ಶುರುವಿನ ಸ್ಟಾಕ್ 8,000, ತಿಂಗಳಲ್ಲಿ ಕೊಂಡದ್ದು 20,000, ಕೊನೆಯ ಸ್ಟಾಕ್ 11,000. ಹಾಗಾದರೆ ಖರ್ಚಾದ ಸಾಮಗ್ರಿ 17,000. ಕೊಂಡ 20,000 ಪೂರ್ತಿ ಖರ್ಚಲ್ಲ. ತಯಾರಾಗಿ ಇನ್ನೂ ಮಾರಾಟವಾಗದ ಸೋಪುಗಳನ್ನೂ ಕೊನೆಯ ಸ್ಟಾಕ್‌ಗೆ ಸೇರಿಸಿ. ಅವುಗಳಿಗೆ ಮಾರುವ ಬೆಲೆ ಹಾಕಬೇಡಿ, ತಗಲಿದ ಖರ್ಚು ಹಾಕಿ. ಲೆಕ್ಕದಲ್ಲಿರುವ ಸ್ಟಾಕನ್ನು ಎಣಿಸಿದ ಮೊತ್ತಕ್ಕೆ ಸರಿಮಾಡುವ ಹೊಂದಾಣಿಕೆ ನಮೂದು ತಿಂಗಳಿಗೊಂದು, ಅಷ್ಟೇ ಕೆಲಸ. ಬಗೆಬಗೆಯ ಮಾಲು ಹತ್ತಾರು ದಾಟಿ, ಯಾವುದು ಮುಗಿಯಿತು ಅಂತ ನೆನಪಿನಲ್ಲಿ ಇಡಲಾಗದೆ ಹೋದಾಗ ಸ್ಟಾಕ್ ಸೌಲಭ್ಯ ಇರುವುದಕ್ಕೆ ಹೋದರಾಯಿತು.

ಸಾಫ್ಟ್‌ವೇರ್‌ನಲ್ಲಿ ನಾನು ಮೊದಲು ಹುಡುಕುವ ಸೌಲಭ್ಯ ಬ್ಯಾಂಕ್ ತಾಳೆ, ಅಂದರೆ ರಿಕನ್ಸಿಲಿಯೇಷನ್. ಬ್ಯಾಂಕ್ ಸ್ಟೇಟ್‌ಮೆಂಟ್‌ನ ಕೊನೆಯ ಮೊತ್ತ ಬರೆದು, ಒಂದೊಂದೇ ಸಾಲಿಗೆ ಗುರುತು ಹಾಕುತ್ತಾ ಹೋಗಿ, ಕೊನೆಗೆ ವ್ಯತ್ಯಾಸ ಸೊನ್ನೆ ಅಂತ ತೋರಿಸಬೇಕು. ಬ್ಯಾಂಕಿನ ವ್ಯವಹಾರಗಳು ತಾವಾಗಿಯೇ ಒಳಗೆ ಬರುವ ಬ್ಯಾಂಕ್ ಫೀಡ್ ಇದ್ದರೆ ತಾಳೆ ಆಯಿತು ಅಂತ ಎಷ್ಟೋ ಜನ ತಿಳಿಯುತ್ತಾರೆ. ಅಲ್ಲ. ಫೀಡ್ ಮಧ್ಯೆ ಕಡಿದುಹೋಗಬಹುದು, ಒಂದೇ ಸಾಲು ಎರಡು ಸಲ ಬರಬಹುದು. ಅಂಗಡಿಯವರ ಇನ್‌ವಾಯ್ಸ್ ಆಗಲೇ ಬರೆದಿರುತ್ತೀರಿ, ಅದೇ ದುಡ್ಡು ಫೀಡ್‌ನಲ್ಲಿ ಬಂದಾಗ ಮತ್ತೆ "ಮಾರಾಟ" ಅಂತ ಒತ್ತಿದರೆ ಮಾರಾಟ ಎರಡು ಪಟ್ಟು ಕಾಣುತ್ತದೆ. ನಿಮ್ಮ ಹಾಗೆ ಉದ್ರಿ ಇರುವವರಿಗೆ ಈ ಅಪಾಯ ಜಾಸ್ತಿ. ನಿಮ್ಮ ಬ್ಯಾಂಕಿಗೆ ಫೀಡ್ ಇಲ್ಲದಿದ್ದರೂ ಚಿಂತೆ ಬೇಡ. ಸ್ಟೇಟ್‌ಮೆಂಟನ್ನು ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲೂ ತೆರೆಯುವ ಸರಳ ಪಟ್ಟಿ) ಆಗಿ ಇಳಿಸಿಕೊಂಡು ಒಳಗೆ ಹಾಕಬಹುದಾ ಅಂತ ನೋಡಿ.

ಇದರ ಜೊತೆ ಇನ್ನೆರಡು ಚಿಕ್ಕ ವಿಷಯ. ಮುಗಿದ ತಿಂಗಳ ಅಂಕಿ ಆಮೇಲೆ ಬದಲಾಗದಂತೆ ಬೀಗ ಹಾಕುವ ಸೌಲಭ್ಯ ಇರಲಿ. ಲಾಗಿನ್‌ಗೆ ಪಾಸ್‌ವರ್ಡ್ ಜೊತೆ ಫೋನ್‌ಗೆ ಬರುವ ಕೋಡ್‌ನಂಥ ಎರಡನೇ ಪರಿಶೀಲನೆ ಇರಲಿ.

ಹೆಸರುಗಳಿಗೆ ಬರುತ್ತೇನೆ. ಉಚಿತದಲ್ಲಿ ಗ್ನೂಕ್ಯಾಶ್ ಇದೆ. ಅದರ ಮೊದಲ ಸ್ಥಿರ ಆವೃತ್ತಿ ಬಂದದ್ದು 1998ರಲ್ಲಿ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ. ಜೋಡಿ ನಮೂದು, ಇನ್‌ವಾಯ್ಸ್, ಬಾಕಿ ಪಟ್ಟಿ, ಬ್ಯಾಂಕ್ ತಾಳೆ ಎಲ್ಲ ಇವೆ. ಲೆಕ್ಕ ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ, ಏಕೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. ಆದರೆ ನೋಟ ಹಳೆಯದು, ಇಬ್ಬರು ಒಂದೇ ಸಮಯದಲ್ಲಿ ಕೆಲಸ ಮಾಡಲಾಗದು, ಮಾಲಿನ ಸ್ಟಾಕ್ ಲೆಕ್ಕ ಇಲ್ಲ, ಫೋನ್‌ನಲ್ಲೇ ಎಲ್ಲ ಮಾಡುವವರಿಗೆ ಹೊಂದುವುದಿಲ್ಲ. ಮ್ಯಾನೇಜರ್ ಅನ್ನುವ ಇನ್ನೊಂದಿದೆ. ಅದರ ಡೆಸ್ಕ್‌ಟಾಪ್ ಆವೃತ್ತಿ ಉಚಿತ, ಕ್ಲೌಡ್ ಆವೃತ್ತಿಗೆ, ಅಂದರೆ ಲೆಕ್ಕ ಅವರ ಸರ್ವರ್‌ನಲ್ಲಿದ್ದು ಇಂಟರ್ನೆಟ್ ಮೂಲಕ ಬಳಸುವುದಕ್ಕೆ, ಹಣ. ಅದು ಹೊಸಬರಿಗೆ ಸ್ವಲ್ಪ ಸುಲಭ, ಸ್ಟಾಕ್ ಲೆಕ್ಕವೂ ಇದೆ.

ಹಣ ಕೊಡುವುದರಲ್ಲಿ ಜೋಹೊ ಬುಕ್ಸ್, ಕ್ವಿಕ್‌ಬುಕ್ಸ್ ಆನ್‌ಲೈನ್, ಝೀರೋ (Xero) ಎಂಬವು ಬ್ರೌಸರ್‌ನಲ್ಲೂ ಫೋನ್‌ನಲ್ಲೂ ನಡೆಯುತ್ತವೆ. ಇವುಗಳ ದೊಡ್ಡ ಲಾಭ ಎರಡು. ಇನ್‌ವಾಯ್ಸ್ ಕಳಿಸಿ, ಬಾಕಿಯವರಿಗೆ ನೆನಪಿಸುವುದು ಸುಲಭ. ನಿಮ್ಮ ಅಕೌಂಟೆಂಟ್‌ಗೆ ಬೇರೆ ಲಾಗಿನ್ ಕೊಟ್ಟು, ಅವರು ಇದ್ದಲ್ಲಿಂದಲೇ ಲೆಕ್ಕ ನೋಡುವಂತೆ ಮಾಡಬಹುದು. ಟ್ಯಾಲಿ ಸ್ಟಾಕ್ ಲೆಕ್ಕದಲ್ಲಿ ಬಹಳ ಗಟ್ಟಿ, ಕೀಬೋರ್ಡ್ ಮೇಲೆ ಕೈ ಕುಳಿತವರಿಗೆ ಬಹಳ ವೇಗ. ಕಲಿಯದವರಿಗೆ ಮೊದಲಿಗೆ ಕಷ್ಟ, ಪಕ್ಕದಲ್ಲಿ ತಿಳಿದವರೊಬ್ಬರು ಬೇಕು. ಯಾವುದನ್ನೇ ನೋಡಿದರೂ ನಿಮ್ಮ ದೇಶದ ತೆರಿಗೆ ಮತ್ತು ಇನ್‌ವಾಯ್ಸ್ ನಿಯಮಕ್ಕೆ ಹೊಂದುತ್ತದಾ ಅಂತ ಅಕೌಂಟೆಂಟ್‌ರನ್ನು ಒಂದು ಮಾತು ಕೇಳಿ. ವರ್ಷದ ಕೊನೆಗೆ ಆ ಫೈಲ್ ತೆರೆಯಬೇಕಾದವರು ಅವರು. ಅವರಿಗೆ ಕೈಬಳಕೆ ಇರುವುದನ್ನೇ ನೀವೂ ಬಳಸಿದರೆ ಅವರ ಸಮಯ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

ಅಗ್ಗದ ಪ್ಲಾನ್ ನೋಡಿ ಹಿಗ್ಗುವ ಮೊದಲು ಅದರ ಮಿತಿ ಓದಿ. ತಿಂಗಳಿಗೆ ಎಷ್ಟು ಇನ್‌ವಾಯ್ಸ್, ಎಷ್ಟು ಜನ, ಬ್ಯಾಂಕ್ ತಾಳೆ ಅದರಲ್ಲೇ ಇದೆಯಾ. ಮೊದಲ ಕೆಲವು ತಿಂಗಳ ರಿಯಾಯಿತಿ ಮುಗಿದ ಮೇಲಿನ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ವಿಷಯವನ್ನು ಜನ ಕೇಳುವುದೇ ಇಲ್ಲ: ಬಿಟ್ಟು ಹೊರಡುವಾಗ ನಿಮ್ಮ ಲೆಕ್ಕ ನಿಮ್ಮ ಕೈಗೆ ಬರುತ್ತದಾ? 2024ರ ಡಿಸೆಂಬರ್ 27ರಂದು ಬೆಂಚ್ ಎಂಬ ಆನ್‌ಲೈನ್ ಲೆಕ್ಕ ಬರೆಯುವ ಸಂಸ್ಥೆ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ವರ್ಷದ ಲೆಕ್ಕ ಮುಗಿಸುವ ಹೊತ್ತಿನಲ್ಲಿ ಸಾವಿರಾರು ಸಣ್ಣ ವ್ಯವಹಾರದವರು ದಿಕ್ಕು ಕಾಣದೆ ನಿಂತರು. ಕೆಲವೇ ದಿನಗಳಲ್ಲಿ ಬೇರೊಂದು ಕಂಪನಿ ಅದನ್ನು ಕೊಂಡಿತು, ಆದರೆ ಆ ದಿನಗಳ ಆತಂಕ ಸಣ್ಣದಲ್ಲ. ಚಿಕ್ಕ ಕಂಪನಿ ಆದದ್ದಕ್ಕೆ ಹೀಗಾಯಿತು ಅನ್ನಬೇಡಿ. ಮೈಕ್ರೋಸಾಫ್ಟ್ ಕೂಡ ತನ್ನ ಆಫೀಸ್ ಅಕೌಂಟಿಂಗ್ ಅನ್ನು 2009ರಲ್ಲಿ ನಿಲ್ಲಿಸಿತು. ಆದ್ದರಿಂದ ಉಚಿತ ಪರೀಕ್ಷೆಯ ಅವಧಿಯಲ್ಲೇ ಇದನ್ನು ಮಾಡಿ ನೋಡಿ: ಪೂರ್ತಿ ಲೆಡ್ಜರ್ (ಪ್ರತಿ ಖಾತೆಯ ಎಲ್ಲ ನಮೂದುಗಳು), ಗ್ರಾಹಕರ ಬಾಕಿ ಪಟ್ಟಿ, ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಉಳಿಕೆಯ ಪಟ್ಟಿ) ಮೂರನ್ನೂ ಎಕ್ಸೆಲ್ ಅಥವಾ ಸಿಎಸ್‌ವಿ ಆಗಿ ಇಳಿಸಿಕೊಳ್ಳಿ, ತೆರೆದು ನೋಡಿ. ಬರೀ ಪಿಡಿಎಫ್ ಕೊಟ್ಟರೆ ಸಾಲದು, ಅದನ್ನು ಬೇರೆ ಸಾಫ್ಟ್‌ವೇರ್‌ಗೆ ಹಾಕಲಾಗದು. ಲಗತ್ತಿಸಿದ ಬಿಲ್‌ಗಳ ಫೋಟೋ ಹೊರಗೆ ಬರುತ್ತದಾ ಅಂತಲೂ ನೋಡಿ. ಬಿಲ್‌ಗಳ ಫೋಟೋವನ್ನು ನಿಮ್ಮ ಸ್ವಂತ ಫೋಲ್ಡರ್‌ನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ. ಶಾಖದಿಂದ ಅಚ್ಚಾಗುವ ರಸೀದಿಯ ಅಕ್ಷರ ಕೆಲವು ತಿಂಗಳಲ್ಲೇ ಮಾಸಿಹೋಗಬಹುದು.

ಪರೀಕ್ಷೆ ಮಾಡುವಾಗ ಅವರು ಕೊಟ್ಟ ಮಾದರಿ ಲೆಕ್ಕ ನೋಡಿ ಮೋಸಹೋಗಬೇಡಿ. ಅದರಲ್ಲಿ ಎಲ್ಲ ನೇರವಾಗಿರುತ್ತದೆ. ನಿಮ್ಮದೇ ಕಳೆದ ಒಂದು ತಿಂಗಳ ಲೆಕ್ಕವನ್ನು ಪೂರ್ತಿ ಹಾಕಿ, ಗೋಜಲಾದವು ಸೇರಿ. ಅಂಗಡಿಯವರು ಬಿಲ್ಲಿನ ಅರ್ಧ ಮಾತ್ರ ಕೊಟ್ಟದ್ದು. ಮದುವೆ ಆರ್ಡರ್‌ಗೆ ಬಂದ ಮುಂಗಡ, ಅದು ಮಾಲು ಕೊಡುವವರೆಗೆ ಮಾರಾಟವಲ್ಲ, ನಿಮ್ಮ ಮೇಲಿನ ಸಾಲ. ಒಡೆದುಹೋಗಿ ವಾಪಸ್ ಬಂದ ಮೇಣದಬತ್ತಿ. ಒಂದೇ ಬಿಲ್ಲಿನಲ್ಲಿ ಮನೆಯದೂ ವ್ಯವಹಾರದ್ದೂ ಸೇರಿದ ಖರೀದಿ. ಮನೆಯ ಕರೆಂಟ್ ಬಿಲ್ಲಿನಲ್ಲಿ ವ್ಯವಹಾರದ ಪಾಲು. ತಾಣದಿಂದ ಬಂದ ಆ 7,500. ಈ ಆರನ್ನು ಹಾಕಿ, ಬ್ಯಾಂಕ್ ತಾಳೆ ಮಾಡಿ, ಬ್ಯಾಲೆನ್ಸ್ ಶೀಟ್ ತೆಗೆದು, ಅದರಲ್ಲಿರುವ ಪ್ರತಿ ಅಂಕಿ ಏನೆಂದು ನಿಮಗೆ ಅರ್ಥವಾದರೆ ಆ ಸಾಫ್ಟ್‌ವೇರ್ ನಿಮ್ಮದು. ಎಲ್ಲಿ ಏನು ಒತ್ತಬೇಕು ಅಂತ ಪ್ರತಿ ಸಲ ಹುಡುಕಬೇಕಾಗಿ ಬಂದರೆ, ಊರೆಲ್ಲ ಹೊಗಳಿದರೂ ಬಿಡಿ.

ನಿಮಗೆ ನಾನು ನೇರವಾಗಿ ಹೇಳುವುದಾದರೆ, ಕಂಪ್ಯೂಟರ್ ಮುಂದೆ ವಾರಕ್ಕೊಮ್ಮೆ ಕೂರುವ ಅಭ್ಯಾಸ ಇದ್ದರೆ ಮ್ಯಾನೇಜರ್ ಅಥವಾ ಗ್ನೂಕ್ಯಾಶ್ ಸಾಕು, ದುಡ್ಡು ಕೊಡಬೇಕಾಗಿಲ್ಲ. ಆದರೆ ನಿಮಗೆ ಉದ್ರಿ ಇದೆ. ಅಂಗಡಿಯವರ ಸಂಖ್ಯೆ ಹೆಚ್ಚುತ್ತಿದ್ದರೆ, ಫೋನ್‌ನಿಂದಲೇ ಇನ್‌ವಾಯ್ಸ್ ಕಳಿಸಬೇಕಿದ್ದರೆ, ಹಣ ಕೊಡುವ ಕ್ಲೌಡ್ ಸಾಫ್ಟ್‌ವೇರ್ ತೆಗೆದುಕೊಳ್ಳಿ, ಚಿಕ್ಕ ಪ್ಲಾನ್ ಸಾಕು. ಬಾಕಿ ಬೇಗ ವಸೂಲಾದರೆ ಸಾಫ್ಟ್‌ವೇರ್‌ಗೆ ಕೊಟ್ಟ ಹಣ ಅಲ್ಲೇ ಬಂದುಬಿಡುತ್ತದೆ, ಅಲ್ವಾ.

ಶುರು ಮಾಡುವುದನ್ನು ಹಣಕಾಸು ವರ್ಷದ ಮೊದಲ ದಿನಕ್ಕೆ ಇಟ್ಟುಕೊಂಡರೆ ಒಳ್ಳೆಯದು. ಅಷ್ಟು ಕಾಯಲಾಗದಿದ್ದರೆ ಯಾವುದಾದರೂ ತಿಂಗಳ ಮೊದಲ ದಿನ. ಹಳೆಯ ಎಕ್ಸೆಲ್‌ನಲ್ಲಿ ಇರುವುದನ್ನೆಲ್ಲ ಒಳಗೆ ತುಂಬಲು ಹೋಗಬೇಡಿ. ಆ ದಿನ ಬ್ಯಾಂಕಿನಲ್ಲಿ ಎಷ್ಟು, ಕೈಯಲ್ಲಿ ಎಷ್ಟು, ಸ್ಟಾಕ್ ಎಷ್ಟು, ಯಾವ ಅಂಗಡಿಯಿಂದ ಎಷ್ಟು ಬರಬೇಕು, ನೀವು ಯಾರಿಗೆ ಎಷ್ಟು ಕೊಡಬೇಕು, ಇಷ್ಟನ್ನು ಆರಂಭದ ಬಾಕಿಯಾಗಿ ಹಾಕಿ. ಸಾಫ್ಟ್‌ವೇರ್ ತಾನಾಗಿ ಕೊಡುವ ಖಾತೆಗಳ ಪಟ್ಟಿ ಉದ್ದವಿರುತ್ತದೆ. ಅದರಲ್ಲಿ ನಿಮಗೆ ಬೇಕಾದ ಇಪ್ಪತ್ತರಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಮರೆಮಾಡಿ. ಮೊದಲ ತಿಂಗಳು ಎಕ್ಸೆಲ್‌ನಲ್ಲೂ ಬರೆಯಿರಿ. ಎರಡೂ ಕಡೆ ಬ್ಯಾಂಕ್ ಮೊತ್ತ, ಬಾಕಿ ಮೊತ್ತ ಒಂದೇ ಬಂದರೆ ಎಕ್ಸೆಲ್ ಬರೆಯುವುದನ್ನು ನಿಲ್ಲಿಸಿ. ಆ ಫೈಲ್ ಮತ್ತು ನೋಟ್‌ಬುಕ್ ಮಾತ್ರ ಬಿಸಾಡಬೇಡಿ. ನಿಮ್ಮಲ್ಲಿನ ತೆರಿಗೆ ನಿಯಮ ಎಷ್ಟು ವರ್ಷ ಹೇಳುತ್ತದೋ ಅಷ್ಟು ವರ್ಷ ಇಟ್ಟಿರಿ.